ಎಡಗೈ ಬ್ಯಾಟರ್‌ಗಳ ತಂಡಕ್ಕೆ ಯಾವ ಮೈದಾನ ಒಪ್ಪುತ್ತದೆ?

ತಂಡ ಕಟ್ಟಿ ನಡೆಸುವ ಕಂಪ್ಯೂಟರ್ ಆಟವಾದ ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಗೇಮ್‌ನಲ್ಲಿ ನಿಮ್ಮ ತಂಡದ ತುಂಬ ಎಡಗೈ ಬ್ಯಾಟರ್‌ಗಳು. ಹೋಮ್ ರನ್ (ಗೋಡೆಯಾಚೆ ಹೊಡೆದ ಚೆಂಡು, ಕ್ರಿಕೆಟ್ಟಿನ ಸಿಕ್ಸರ್ ತರಹ) ಜಾಸ್ತಿ ಬರುವ ಮೈದಾನ ಆರಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೈದಾನ ಎದುರಾಳಿಗೂ ಅದೇ ಅಲ್ವಾ? ಎಲ್ಲರಿಗೂ ಹೋಮ್ ರನ್ ಸುಲಭವಾದರೆ ಚೆಂಡು ಎಸೆಯುವ ನಿಮ್ಮ ಪಿಚರ್‌ಗಳೂ ಅಷ್ಟೇ ಹೊಡೆತ ತಿನ್ನುತ್ತಾರೆ. ನಿಮಗೆ ಸಿಕ್ಕಿ ಅವರಿಗೆ ಸಿಗದ ಅನುಕೂಲವನ್ನು ಹುಡುಕಬೇಕು.

ಪಾರ್ಕ್ ಫ್ಯಾಕ್ಟರ್‌ಗಳನ್ನು ನೋಡಿ. ಮೈದಾನ ಹೊಡೆತಕ್ಕೆ ಎಷ್ಟು ನೆರವಾಗುತ್ತದೆ ಅಂತ ಹೇಳುವ ಸಂಖ್ಯೆಗಳು ಅವು. 1.000 ಅಂದರೆ ಸಾಧಾರಣ ಮೈದಾನ, ಅದಕ್ಕಿಂತ ಮೇಲಿದ್ದರೆ ಹೊಡೆತ ಸುಲಭ. ಹೋಮ್ ರನ್ನಿಗೆ ಎಡಗೈಯವರಿಗೊಂದು, ಬಲಗೈಯವರಿಗೊಂದು ಸಂಖ್ಯೆ ಇರುತ್ತದೆ. ಎಡಗೈಯದು ಮೇಲಿದ್ದು ಬಲಗೈಯದು 1ಕ್ಕಿಂತ ಕೆಳಗಿದ್ದರೆ ನಿಮಗೆ ಹೇಳಿ ಮಾಡಿಸಿದ ಮೈದಾನ. ಆಮೇಲೆ ಎಡಗೈ ಪಿಚರ್‌ಗಳನ್ನೂ ತನ್ನಿ. ಇದನ್ನು ತುಂಬ ಜನ ಮರೆಯುತ್ತಾರೆ. ಎಡಗೈ ಪಿಚರ್ ಎಸೆತ ಬಲಗೈಯವರಿಗೆ ಹೊಡೆಯಲು ಸುಲಭ, ಹಾಗಾಗಿ ಅವರು ಬಂದರೆ ಎದುರಾಳಿ ತಂಡ ಹೆಚ್ಚಾಗಿ ಬಲಗೈ ಬ್ಯಾಟರ್‌ಗಳನ್ನೇ ಇಳಿಸುತ್ತದೆ. ಬಲಗೈಯವರು ಎಳೆದು ಹೊಡೆದ ಚೆಂಡು ಲೆಫ್ಟ್ ಫೀಲ್ಡಿಗೆ, ಅಂದರೆ ಬ್ಯಾಟರ್ ಕಡೆಯಿಂದ ನೋಡಿದರೆ ಎಡಕ್ಕೆ ಹೋಗುತ್ತದೆ; ನಿಮ್ಮ ಎಡಗೈಯವರದು ಬಲಕ್ಕೆ, ರೈಟ್ ಫೀಲ್ಡಿಗೆ. ಬಲಗಡೆಯ ಹತ್ತಿರದ ಗೋಡೆ ಬಲಗೈಯವರಿಗೆ ಉಪಯೋಗಕ್ಕೆ ಬರುವುದಿಲ್ಲ. ನ್ಯೂಯಾರ್ಕಿನ ಹಳೆಯ ಯಾಂಕೀ ಸ್ಟೇಡಿಯಂ ಹೀಗೇ ಇತ್ತು. 1950ರ ದಶಕದಲ್ಲಿ ಅಲ್ಲಿ ಬ್ಯಾಟರ್ ನಿಲ್ಲುವ ಜಾಗದಿಂದ ರೈಟ್ ಫೀಲ್ಡ್ ಮೂಲೆ 296 ಅಡಿ, ಲೆಫ್ಟ್ ಸೆಂಟರ್ 457 ಅಡಿ. ಎಡಗೈ ಪಿಚರ್ ವೈಟಿ ಫೋರ್ಡ್ ಯಾಂಕೀಸ್ ಪರವಾಗಿ 236 ಪಂದ್ಯ ಗೆದ್ದರು. ಪ್ರತಿಭೆ ಅವರದೇ, ಆದರೆ ಆ ಮೈದಾನವೂ ಅವರ ಕಡೆಗಿತ್ತು.

ಮೂಲೆಯ ಅಳತೆಯೊಂದನ್ನೇ ನಂಬಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಓರಾಕಲ್ ಪಾರ್ಕಿನಲ್ಲಿ ರೈಟ್ ಫೀಲ್ಡ್ ಮೂಲೆ ಬರೀ 309 ಅಡಿ. ಆದರೂ ಎಡಗೈಯವರಿಗೆ ಹೋಮ್ ರನ್ ಅಲ್ಲಿ ಕಷ್ಟ. ಗೋಡೆ 24 ಅಡಿ ಎತ್ತರ, ಮೂಲೆ ಬಿಟ್ಟು ಸ್ವಲ್ಪ ಈಚೆ ಬಂದರೆ ಮೈದಾನ ತುಂಬ ಆಳ.

ಮುಂದೆ ಓಟಗಾರರ ತಂಡ ಕಟ್ಟಿದರೆ ದೊಡ್ಡ ಮೈದಾನ ಹಾಕಿಕೊಳ್ಳಿ. 1982ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಇಡೀ ಸೀಸನ್ನಿನಲ್ಲಿ ಹೊಡೆದದ್ದು 67 ಹೋಮ್ ರನ್. ಕದ್ದ ಬೇಸ್, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಹಿಡಿದ ಮುಂದಿನ ಬೇಸ್, 200. ವಿಶಾಲವಾದ ಬುಷ್ ಸ್ಟೇಡಿಯಂನ ಕೃತಕ ಹುಲ್ಲಿನ ಮೇಲೆ ಚೆಂಡು ಜೋರಾಗಿ ಉರುಳುತ್ತಿತ್ತು, ಇವರು ಓಡುತ್ತಿದ್ದರು. ಆ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಅವರದೇ ಆಯಿತು. ನನಗೆ ಬಹಳ ಇಷ್ಟವಾದ ತಂಡ ಅದು.

ಆಟಗಾರರನ್ನು ಕೊಳ್ಳುವಾಗ ಅವರು ಎಲ್ಲಿಂದ ಬಂದವರು ನೋಡಿ. ಡೆನ್ವರಿನ ಕೂರ್ಸ್ ಫೀಲ್ಡ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಕರ್ವ್ ಬಾಲ್ ಸರಿಯಾಗಿ ತಿರುಗುವುದಿಲ್ಲ. ಅಲ್ಲಿ ಗಳಿಸಿದ ಅಂಕಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಗೇಮ್ ಆಟಗಾರನಿಗೆ ಕೊಡುವ ರೇಟಿಂಗ್ ನೋಡಿ. ಇನ್ನು ಸೀಸನ್ನಿನ 162 ಪಂದ್ಯಗಳಲ್ಲಿ 81 ಹೊರಗೆ ಆಡಬೇಕು. ಎಡಗೈ ಪಿಚರ್ ಎದುರಾದ ದಿನಕ್ಕೆ ಒಳ್ಳೆಯ ಬಲಗೈ ಬ್ಯಾಟರ್‌ಗಳನ್ನು ಒಂದಿಬ್ಬರನ್ನಾದರೂ ಉಳಿಸಿಕೊಳ್ಳಿ.