ಓದುಗರ ಪ್ರಶ್ನೆ: ಬಡಾವಣೆಯ ಸಂಕಟಕ್ಕೆ ಧರ್ಮಗುರುಗಳನ್ನು ಕೂಡಿಸುವ ಬಗೆ

ಪ್ರಶ್ನೆ: ಗೋವಂಡಿಯ ಸಮೀಪದ ನಮ್ಮ ಬಡಾವಣೆಯಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ನೆಲೆಸಿದ ಕನ್ನಡಿಗರು ಬಹಳ ಮಂದಿ ಇದ್ದಾರೆ. ಒಂದೇ ರಸ್ತೆಯಲ್ಲಿ ದೇವಿಯ ಗುಡಿ, ಮಸೀದಿ, ಬುದ್ಧವಿಹಾರ ಮತ್ತು ಸಣ್ಣ ಚರ್ಚು ಇವೆ. ಹಬ್ಬಕ್ಕೆ ಮುನ್ನ ಪೊಲೀಸ್ ಠಾಣೆಯಲ್ಲಿ ಶಾಂತಿ ಸಮಿತಿಯ ಸಭೆ ನಡೆಯುತ್ತದೆ. ಚಹಾ ಕುಡಿದು ಹೊರಟವರು ಮತ್ತೆ ಸೇರುವುದು ಮುಂದಿನ ಹಬ್ಬಕ್ಕೇ. ಮಕ್ಕಳ ಲಸಿಕೆಯಂಥ ವಿಷಯಗಳಿಗಾಗಿ ನಾಲ್ಕೂ ಧರ್ಮದ ಗುರುಗಳನ್ನು ನಮ್ಮ ಕನ್ನಡ ಸಂಘವೇ ಕೂಡಿಸಬೇಕೆಂದಿದ್ದೇವೆ. ಹೇಗೆ ಆರಂಭಿಸಬೇಕು?
— ಸಂಘವೊಂದರ ಕಾರ್ಯದರ್ಶಿ, ಮುಂಬಯಿ

ಉತ್ತರ: ಸರ್ವಧರ್ಮ ಸಮ್ಮೇಳನ ಎಂಬ ಹೆಸರಿನಲ್ಲಿ ಆರಂಭಿಸಬೇಡಿ ಎಂಬುದು ನನ್ನ ಮೊದಲ ವಿನಂತಿ. ಹಾರ, ಶಾಲು, ಭಾಷಣಗಳ ಸಭೆಯಲ್ಲಿ ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಾರೆ, ಆದರೆ ಮರುದಿನ ಯಾರು ಏನು ಮಾಡಬೇಕೆಂಬುದು ಯಾರಿಗೂ ತಿಳಿದಿರುವುದಿಲ್ಲ. ಅದರ ಬದಲು ನಾಲ್ಕೂ ಪ್ರಾರ್ಥನಾ ಸ್ಥಳಗಳಿಗೆ ಬರುವ ಮನೆಗಳನ್ನು ಒಂದೇ ರೀತಿಯಲ್ಲಿ ಕಾಡುವ ಒಂದು ಸಂಕಟವನ್ನು ಆರಿಸಿಕೊಳ್ಳಿ. ನೀವೇ ಹೇಳಿರುವ ಲಸಿಕೆ ಇದಕ್ಕೆ ತಕ್ಕ ವಿಷಯ. 2022ರ ಕೊನೆಯ ತಿಂಗಳುಗಳಲ್ಲಿ ಗೋವಂಡಿಯಲ್ಲಿ ದಡಾರ ಹಬ್ಬಿ ಮಕ್ಕಳು ಪ್ರಾಣ ಕಳೆದುಕೊಂಡದ್ದನ್ನು ನಿಮ್ಮ ಬಡಾವಣೆ ಮರೆತಿರಲಾರದು. ಆಗ ಲಸಿಕೆ ತಪ್ಪಿದ ಮಕ್ಕಳ ಮನೆಗಳನ್ನು ತಲುಪಲು ಮಹಾನಗರಪಾಲಿಕೆಯು ಮೌಲಾನಾಗಳ ನೆರವು ಕೋರಿತ್ತು. ಆ ನೆರವು ರೋಗ ಹಬ್ಬಿದ ಮೇಲೆ ಬಂದದ್ದು. ನಿಮ್ಮ ಕೂಟ ಅದಕ್ಕೆ ಮೊದಲೇ ಎಚ್ಚೆತ್ತಿರಬೇಕು.

ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸು ಮಗುವಿಗೆ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ ಸಲ್ಲಬೇಕು. ಕೂಲಿಗಾಗಿ ಊರಿಗೂ ಮುಂಬಯಿಗೂ ಓಡಾಡುವ ಕುಟುಂಬಗಳಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಎರಡನೆಯ ಡೋಸೇ. ಪಾಲಿಕೆಯ ದವಾಖಾನೆಯ ವೈದ್ಯರನ್ನು ಕರೆಸಿ, ನಾಲ್ವರು ಗುರುಗಳಿಗೂ ಒಂದೇ ಕೋಣೆಯಲ್ಲಿ ಒಂದೇ ಮಾಹಿತಿಯನ್ನು ಕೊಡಿಸಿ. ಅನಂತರ ಶುಕ್ರವಾರದ ಜುಮ್ಮಾ ನಮಾಜಿನ ಬಳಿಕ, ಭಾನುವಾರದ ಪ್ರಾರ್ಥನೆಯಲ್ಲಿ, ವಿಹಾರದ ವಂದನೆಯ ಹೊತ್ತಿನಲ್ಲಿ ಮತ್ತು ಗುಡಿಯ ಆರತಿಯ ಸಮಯದಲ್ಲಿ ಲಸಿಕೆ ಹಾಕುವ ದಿನ ಮತ್ತು ಸ್ಥಳದ ಪ್ರಕಟಣೆ ಒಂದೇ ವಾರದಲ್ಲಿ ಆಗಲಿ. ಗುರುಗಳು ವೈದ್ಯಕೀಯ ವಿವರಣೆಗೆ ಇಳಿಯುವುದು ಬೇಡ, ಅದು ವೈದ್ಯರ ಕೆಲಸ. ಆದರೆ ಲಸಿಕೆಯಲ್ಲಿ ನಿಷಿದ್ಧ ಪದಾರ್ಥವಿದೆಯೇ ಎಂದು ತಾಯಿಯೊಬ್ಬಳು ಆತಂಕಪಟ್ಟಾಗ ಆರೋಗ್ಯ ಸೇವಿಕೆ ಎಷ್ಟು ಹೇಳಿದರೂ ಮನಸ್ಸು ಒಪ್ಪದೆ ಹೋಗಬಹುದು. ಆಕೆ ನಂಬುವ ಮೌಲಾನಾ ಅಥವಾ ಪಾದ್ರಿ ಹೇಳಿದ ಮಾತು ಮಾತ್ರ ಅಲ್ಲಿ ನಾಟುತ್ತದೆ. ಉತ್ತರ ಪ್ರದೇಶದಲ್ಲಿ ಪೋಲಿಯೊ ಹನಿಯ ವಿರುದ್ಧ ಎದ್ದ ಸಂಶಯವನ್ನು ತಗ್ಗಿಸಲು ಮಸೀದಿಗಳ ಇಮಾಮರು ಹೀಗೆಯೇ ಮುಂದೆ ಬಂದಿದ್ದರು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹಾವಡಾದಲ್ಲಿ ಕಂಡುಬಂದಿತು. 2014ರ ಮಾರ್ಚಿನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮುಂಬಯಿಯಲ್ಲಿ ಅರ್ಚಕರಾಗಲಿ ಇಮಾಮರಾಗಲಿ ಅನೇಕ ಕಡೆ ಸಂಬಳಕ್ಕಿರುವವರು. ನಿರ್ಧಾರ ವಿಶ್ವಸ್ತರ (ಟ್ರಸ್ಟಿಗಳ) ಕೈಯಲ್ಲಿರುತ್ತದೆ. ಗುಡಿಗಳು ಸಾಮಾನ್ಯವಾಗಿ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾಗಿರುತ್ತವೆ, ಮಸೀದಿಗಳು ವಕ್ಫ್ ಮಂಡಳಿಯಲ್ಲಿ. ಆದ್ದರಿಂದ ಗುರುಗಳ ಜೊತೆಗೆ ಆಡಳಿತ ಸಮಿತಿಯ ಕಾರ್ಯದರ್ಶಿಯನ್ನೂ ಕರೆಯಿರಿ. ಇಲ್ಲವಾದರೆ ಸಭೆಯಲ್ಲಿ ಒಪ್ಪಿದ್ದು ಗುಡಿಯ ಅಥವಾ ಮಸೀದಿಯ ಕಚೇರಿಯಲ್ಲಿ ನಿಂತುಹೋಗುತ್ತದೆ. ಮೊದಲ ಸಭೆ ನಿಮ್ಮ ಸಂಘದ ಕೋಣೆಯಲ್ಲೋ ಪಾಲಿಕೆಯ ಶಾಲೆಯಲ್ಲೋ ನಡೆಯಲಿ. ದಿನ ಗೊತ್ತುಮಾಡುವಾಗ ರಂಜಾನಿನ ಇಫ್ತಾರಿನ ಹೊತ್ತನ್ನೂ ನವರಾತ್ರಿಯ ಸಂಜೆಗಳನ್ನೂ ಬಿಡಿ. ಕರೆಯುವ ಹಕ್ಕು ನಿಮ್ಮ ಸಂಘಕ್ಕೆ ಎಲ್ಲರಿಗಿಂತ ಹೆಚ್ಚಾಗಿಯೇ ಇದೆಯೆಂದು ನಾನು ನಂಬುತ್ತೇನೆ, ಏಕೆಂದರೆ ಶರಣಬಸವೇಶ್ವರರ ಗುಡಿಗೂ ಖ್ವಾಜಾ ಬಂದೇನವಾಜರ ದರ್ಗಾಕ್ಕೂ ನಡೆದುಕೊಳ್ಳುವ ಊರಿನವರು ನೀವು.

ಪ್ರಶ್ನೆ: ಧ್ವನಿವರ್ಧಕ ಮತ್ತು ಮೆರವಣಿಗೆಯ ಮಾತೆತ್ತಿದರೆ ಧರ್ಮಗುರುಗಳ ಇಂಥ ಕೂಟವೇ ಒಡೆದುಹೋದೀತೆಂಬ ಭಯವಿದೆ. ಇದನ್ನು ಬಿಟ್ಟುಬಿಡುವುದು ಲೇಸಲ್ಲವೇ?
— ಓದುಗರೊಬ್ಬರು, ಕುರ್ಲಾ

ಉತ್ತರ: ಬಿಡುವುದು ಬೇಡ, ಆದರೆ ಇದನ್ನು ಮೊದಲ ವಿಷಯವನ್ನಾಗಿಸಬೇಡಿ. ಲಸಿಕೆಯಂಥ ಕೆಲಸವೊಂದನ್ನು ಕೂಡಿ ಮುಗಿಸಿದವರು ಇಂಥ ಮಾತನ್ನು ಸಿಟ್ಟಿಲ್ಲದೆ ಆಡಬಲ್ಲರು. ನಿಯಮವಂತೂ ಎಲ್ಲರಿಗೂ ಒಂದೇ: ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ಹಬ್ಬಗಳಿಗಾಗಿ ವರ್ಷಕ್ಕೆ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯ ಸರಕಾರಕ್ಕೆ ಅಧಿಕಾರವಿದೆ. ಯಾರೋ ಒಬ್ಬರ ಕಡೆಗೆ ಬೆರಳು ತೋರಿಸದೆ, ನಾಲ್ಕೂ ಕಡೆಯ ಜೊತೆಗೆ ಗಣೇಶೋತ್ಸವ ಮಂಡಳದ ಸದ್ದನ್ನೂ ಮೀಟರಿನಿಂದ ಅಳೆದು, ಅಂಕಿಗಳನ್ನು ಒಂದೇ ಹಾಳೆಯಲ್ಲಿ ಮುಂದಿಡಿ.

ಮೆರವಣಿಗೆಯ ವಿಷಯದಲ್ಲಿ ಮುಂಬಯಿ ಇತ್ತೀಚೆಗೆ ಕಂಡ ಮೇಲ್ಪಂಕ್ತಿ ಮನಸ್ಸಿಗೆ ಧೈರ್ಯ ಕೊಡುವಂಥದ್ದು. 2023ರಲ್ಲಿ ಗಣೇಶ ವಿಸರ್ಜನೆಯ ಅನಂತ ಚತುರ್ದಶಿಯೂ ಈದ್-ಎ-ಮಿಲಾದ್ ಹಬ್ಬವೂ ಸೆಪ್ಟೆಂಬರ್ 28ರಂದೇ ಬಂದಾಗ ಇಲ್ಲಿನ ಮುಸ್ಲಿಂ ಮುಖಂಡರು ತಮ್ಮ ಜುಲೂಸನ್ನು ಮರುದಿನಕ್ಕೆ ಮುಂದೂಡಿದರು. ವಿಸರ್ಜನೆ ಮುಗಿಯಲೆಂದೇ 2024ರಲ್ಲಿ ಅದನ್ನು ಸೆಪ್ಟೆಂಬರ್ 18ಕ್ಕೆ, 2025ರಲ್ಲಿ ಸೆಪ್ಟೆಂಬರ್ 8ಕ್ಕೆ ಇಟ್ಟುಕೊಂಡರು. ಸರಕಾರ ರಜೆಯನ್ನೂ ಅದಕ್ಕೆ ಹೊಂದಿಸಿತು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಯಾವ ಹಬ್ಬಗಳು ಯಾವ ವರ್ಷ ಒಂದರ ಮೇಲೊಂದು ಬರುತ್ತವೆಂಬುದನ್ನು ಪಂಚಾಂಗ ನೋಡಿ ಬಹಳ ಮೊದಲೇ ಹೇಳಬಹುದು. ಹೀಗೆ ಒಂದು ಕಡೆಯವರು ದಿನ ಬಿಟ್ಟುಕೊಟ್ಟ ಮೇಲೆ, ಮತ್ತೊಮ್ಮೆ ಬಿಟ್ಟುಕೊಡುವ ಸರದಿ ಇನ್ನೊಂದು ಕಡೆಯವರದ್ದಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಪೊಲೀಸರು, ನಗರಸೇವಕರು (ಪಾಲಿಕೆಯ ಸದಸ್ಯರು) ಇರುವಾಗ ಧರ್ಮಗುರುಗಳಿಗೆ ಈ ಉಸಾಬರಿ ಏಕೆ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಗುರುಗಳಷ್ಟರಿಂದಲೇ ಎಲ್ಲವೂ ಆಗದೆಂಬ ನಿಮ್ಮ ಸೂಚನೆಯನ್ನು ಒಪ್ಪುತ್ತೇನೆ. 1970ರಲ್ಲೂ 1984ರಲ್ಲೂ ಗಲಭೆಯಿಂದ ಬೆಂದಿದ್ದ, ಮುಂಬಯಿ ಸಮೀಪದ ಭಿವಂಡಿಯಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆಯವರು ಕಟ್ಟಿದ ಮೊಹಲ್ಲಾ ಸಮಿತಿಗಳಲ್ಲಿ ಹೆಚ್ಚಿನವರು ಸಾಮಾನ್ಯ ನಿವಾಸಿಗಳೇ ಆಗಿದ್ದರು. ಹಿಂದೂ-ಮುಸ್ಲಿಂ ಎರಡೂ ಸಮುದಾಯದವರು ಗಲಭೆಯಿಲ್ಲದ ದಿನಗಳಲ್ಲೂ ತಪ್ಪದೆ ಸೇರುತ್ತಿದ್ದರು. 1992ರ ಡಿಸೆಂಬರಿನಿಂದ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಅದನ್ನು ಕಂಡೇ ಮುಂಬಯಿಯಲ್ಲಿ ಮಾಜಿ ಪೊಲೀಸ್ ಕಮಿಷನರ್ ಜೂಲಿಯೊ ರಿಬೇರೊ, ಸಮಾಜ ಸೇವಕಿ ಸುಶೋಭಾ ಬರ್ವೆ ಮೊದಲಾದವರು ಮೊಹಲ್ಲಾ ಸಮಿತಿಗಳ ಚಳವಳಿಯನ್ನು ಬೆಳೆಸಿದರು. ಆದರೂ ಕೆಲವು ಹೊತ್ತಿನಲ್ಲಿ ಗುರುಗಳ ಒಪ್ಪಿಗೆಯಿಲ್ಲದೆ ಕೆಲಸ ಸಾಗುವುದಿಲ್ಲ. ಕೊರೊನಾ ಕಾಲದಲ್ಲಿ ಬಂಧುಗಳೇ ಶವ ಮುಟ್ಟಲು ಹೆದರಿದಾಗ ಮರೀನ್ ಲೈನ್ಸಿನ ಬಡಾ ಕಬ್ರಸ್ತಾನದ ಜೊತೆಗಿದ್ದ ಮುಸ್ಲಿಂ ಸ್ವಯಂಸೇವಕರು ಹಿಂದೂಗಳ ಶವಗಳನ್ನೂ ಹೊತ್ತು ಅಂತ್ಯಕ್ರಿಯೆಗೆ ನೆರವಾದರು. ಇಂಥ ಹೊತ್ತಿನಲ್ಲಿ ಯಾವ ವಿಧಿಯನ್ನು ಯಾರು ನಡೆಸಬಹುದು, ಯಾವುದನ್ನು ಕೈಬಿಟ್ಟರೆ ದೋಷವಿಲ್ಲ ಎಂದು ದುಃಖದಲ್ಲಿರುವ ಮನೆಯವರಿಗೆ ಹೇಳಿ ಸಮಾಧಾನಪಡಿಸಲು ನಗರಸೇವಕರಿಂದಾಗಲಿ ಪೊಲೀಸರಿಂದಾಗಲಿ ಸಾಧ್ಯವಿಲ್ಲ. ಅದನ್ನು ಅವರವರ ಗುರುಗಳೇ ಹೇಳಬೇಕು.