ಕಣ್ಣಿಗೆ ಕಂಡ ಇಳಿಜಾರು ವಿಡಿಯೋದಲ್ಲಿ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ಭಾನುವಾರ ಆನೆಗೊಂದಿ, ಸಾಣಾಪುರದ ಕಡೆ ಬಂಡೆಗಳ ನಡುವೆ ಮೌಂಟೇನ್ ಬೈಕ್ ತುಳಿಯುತ್ತೇನೆ. ಹೆಲ್ಮೆಟ್ ಮೇಲೆ ಆ್ಯಕ್ಷನ್ ಕ್ಯಾಮೆರಾ ಇದೆ. ಎದೆ ಝಲ್ ಅನ್ನಿಸಿದ ಇಳಿಜಾರು ವಿಡಿಯೋದಲ್ಲಿ ಸಪಾಟು ರಸ್ತೆ ಥರ ಕಾಣುತ್ತದೆ. 40 ನಿಮಿಷದ ವಿಡಿಯೋ ಕಳಿಸಿದರೆ ಗೆಳೆಯರು ಒಂದೇ ನಿಮಿಷಕ್ಕೆ ಬಿಟ್ಟುಬಿಡುತ್ತಾರೆ. ಬೇರೆ ಕ್ಯಾಮೆರಾ ಕೊಳ್ಳಬೇಕಾ?
– ಓದುಗರು, ಗಂಗಾವತಿ

ಉತ್ತರ: ಬೇಡ. ಆ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಿ. ತಪ್ಪು ಕ್ಯಾಮೆರಾದ್ದಲ್ಲ, ಅದು ಕೂತ ಜಾಗದ್ದು.

ಆ್ಯಕ್ಷನ್ ಕ್ಯಾಮೆರಾದ ಲೆನ್ಸ್ ತುಂಬಾ ಅಗಲಕ್ಕೆ ನೋಡುತ್ತದೆ. ಅಷ್ಟು ಎತ್ತರದಿಂದ ಅದಕ್ಕೆ ದೊಡ್ಡ ಕಲ್ಲೂ ಗೋಲಿಯಷ್ಟೇ. ಜೊತೆಗೆ ಇಳಿಯುವಾಗ ನೀವು ತಲೆ ಬಗ್ಗಿಸುತ್ತೀರಿ, ಕ್ಯಾಮೆರಾವೂ ಬಗ್ಗುತ್ತದೆ. ಇಳಿಜಾರು ಎಷ್ಟಿದೆ ಅಂತ ಅಳೆಯಲು ನೋಡುವವರಿಗೆ ಏನೂ ಸಿಗುವುದಿಲ್ಲ. ಎದೆಗೆ ಕಟ್ಟಿ ನೋಡಿ. ಹ್ಯಾಂಡಲ್ ನಡುಗುವುದು, ಮೊಣಕೈ ಮಡಚುವುದು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕುಗ್ಗುವುದು ಎಲ್ಲ ಕಾಣುತ್ತದೆ. ಆದರೆ ಕಟ್ಟಿಕೊಂಡು ನೆಟ್ಟಗೆ ನಿಂತು ಚೆಕ್ ಮಾಡಬೇಡಿ. ಪೆಡಲ್ ಮೇಲೆ ನಿಂತು, ಮುಂದಕ್ಕೆ ಬಾಗಿ ಚೆಕ್ ಮಾಡಿ. ಇಲ್ಲದಿದ್ದರೆ ಮನೆಗೆ ಬಂದು ನೋಡಿದಾಗ ಬರೀ ಮುಂದಿನ ಚಕ್ರ!

ಇನ್ನು ಸೈಕಲ್‌ನಿಂದ ಇಳಿಯಲೇಬೇಕು. ಸೋಮಾರಿತನ ಆಗುತ್ತೆ, ಗೊತ್ತು. ಸಂಡೂರಿನ ಗುಡ್ಡದಲ್ಲಿ ಒಂದೇ ತಿರುವನ್ನು ನಾನು ಮೂರು ಸಲ ಹತ್ತಿ ಇಳಿದಿದ್ದೇನೆ. ಮೊಬೈಲನ್ನು ದಾರಿ ಪಕ್ಕ, ನೆಲಕ್ಕೆ ಹತ್ತಿರ, ಬಂಡೆಗೆ ಒರಗಿಸಿಡಿ. ರೆಕಾರ್ಡ್ ಒತ್ತಿ, ಮೇಲೆ ಹೋಗಿ, ಅದರ ಮುಂದೆಯೇ ಇಳಿದು ಬನ್ನಿ. ಇಲ್ಲೊಂದು ಕಿತಾಪತಿ ಇದೆ. ನೆಲದ ವಾಲಿಗೆ ತಕ್ಕಂತೆ ಮೊಬೈಲೂ ವಾಲಿದರೆ ಇಳಿಜಾರೇ ಮಾಯ. ಹಿಂದಿನ ಜಾಲಿ ಗಿಡವೋ ಕರೆಂಟ್ ಕಂಬವೋ ಪರದೆಯಲ್ಲಿ ನೆಟ್ಟಗೆ ನಿಂತಿದೆಯಾ ನೋಡಿ. ಸಣ್ಣ ಕಲ್ಲೊಂದನ್ನು ಮೊಬೈಲ್ ಕೆಳಗೆ ತುರುಕಿದರೆ ಸರಿಹೋಗುತ್ತದೆ.

ಕ್ಯಾಮೆರಾದಲ್ಲಿ ಸ್ಟೆಬಿಲೈಸೇಷನ್, ಅಂದರೆ ಚಿತ್ರದ ಕುಲುಕಾಟ ತಗ್ಗಿಸುವ ಸೌಲಭ್ಯ, ಆನ್ ಇರಲಿ. ಅದಕ್ಕೆ ಬೆಳಕು ಬೇಕು. ಮುಸ್ಸಂಜೆಯಲ್ಲಿ ಶಟರ್ ನಿಧಾನವಾಗಿ ಚಿತ್ರ ಕಲಸಿದಂತೆ ಆಗುತ್ತದೆ. ಹಾಗಂತ ನಮ್ಮ ಏಪ್ರಿಲ್ ಮಧ್ಯಾಹ್ನವೂ ಬೇಡ. ನಿಂತ ಕಡೆ ಗಾಳಿ ತಾಗದೆ ಕ್ಯಾಮೆರಾ ಕಾದು ಆಫ್ ಆಗುತ್ತದೆ. ಬೆಳಿಗ್ಗೆ ಏಳೂವರೆ ಸುಮಾರು ಸರಿ. ಲೆನ್ಸ್ ಮೇಲೆ ಧೂಳು ಕೂತರೆ ಮೊದಲು ಊದಿ, ಆಮೇಲೆ ಒರೆಸಿ. ಅಂಗಿ ಅಂಚಿನಿಂದ ಒರೆಸಿ ನಾನೊಂದು ಲೆನ್ಸ್ ಹಾಳು ಮಾಡಿಕೊಂಡಿದ್ದೇನೆ.

ಎಡಿಟಿಂಗ್‌ನಲ್ಲಿ ಕರುಣೆ ಬೇಡ. 40 ನಿಮಿಷದಲ್ಲಿ ಮೂರು ಉಳಿದರೆ ಸಾಕು. ಶೂ ಲೇಸ್ ಕಟ್ಟುವುದು, ಟೀ ಕುಡಿಯುವುದು ಬಿಡಿ, ನೇರ ಇಳಿಜಾರಿನಿಂದ ಶುರು ಮಾಡಿ. ಎದೆ ಕ್ಯಾಮೆರಾದ್ದು ಎಂಟು ಸೆಕೆಂಡ್, ನಡುವೆ ಬಂಡೆ ಪಕ್ಕದ್ದು ಎರಡು. ಒಂದರಲ್ಲಿ ಎಡದಿಂದ ಬಲಕ್ಕೆ ಹೋದ ಸೈಕಲ್ ಮುಂದಿನದರಲ್ಲೂ ಹಾಗೇ ಹೋಗಲಿ. ಇಲ್ಲದಿದ್ದರೆ ವಾಪಸ್ ಹೊರಟಂತೆ ಕಾಣುತ್ತದೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಇದಕ್ಕೆ ಧಾರಾಳ. ಲ್ಯಾಪ್‌ಟಾಪ್‌ನಲ್ಲಿ 4ಕೆ ವಿಡಿಯೋ ತಡವರಿಸಿದರೆ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ನಕಲು, ಮಾಡಿಕೊಳ್ಳಿ.

ಹಾಡು ಹಾಕಿದರೂ ಸಣ್ಣಗಿರಲಿ. ಗರಸಿನ ಮೇಲೆ ಟೈರ್ ಜಾರುವ ಸದ್ದು ಕೇಳಲೇಬೇಕು. ಗಾಳಿಯ ಬುರ್ರ್ ಜಾಸ್ತಿಯಾದರೆ ಮೈಕ್ ರಂಧ್ರದ ಮೇಲೆ ತೆಳು ಸ್ಪಂಜ್ ಅಂಟಿಸಿ ನೋಡಿ.