‘ನಮ್ಮೂರಿಗಿ ಬರ್ತದೋ ಇಲ್ಲೋ?’: ಬ್ಯಾಸಿಗಿ ಮಳೆ, ಆಣೆಕಲ್ಲು, ಗಾಳಿ

ಮಾರ್ಚ್ ದಾಟಿತೆಂದರೆ ಹವಾಮಾನ ಹೇಳುವ ಕೆಲಸದ ನನಗೆ ಬರುವ ಪ್ರಶ್ನೆಗಳು ನಾಲ್ಕೋ ಐದೋ. ಹೋದ ವರ್ಷವೂ ಇವೇ, ಅದರ ಹಿಂದಿನ ವರ್ಷವೂ ಇವೇ. ಈ ಸಲ ಒಂದಕ್ಕೆ ಮಾತ್ರ ಕೂತು ಉತ್ತರ ಬರೆದಿದ್ದೇನೆ. ಉಳಿದವಕ್ಕೆ ಅಷ್ಟು ತಾಳ್ಮೆ ಇಲ್ಲ, ಚುಟುಕಾಗಿ ಮುಗಿಸಿದ್ದೇನೆ.

ಬಿಳಿಜೋಳ ತಡಾ ಆಗಿ ಕೊಯ್ದು ಕಣದಾಗ ಹಾಕೀನ್ರಿ. ಮೊಬೈಲ್‌ನಾಗ ನಾಳಿ ನಾಕ್ ಗಂಟೆಕ್ಕ ಮಳಿ ಅಂತ ತೋರಸ್ತದ. ಟಿವಿದಾಗ ‘ಒಂದೆರಡು ಕಡೆ’ ಅಂತಾರ. ನಮ್ಮೂರಿಗಿ ಬರ್ತದೋ ಇಲ್ಲೋ, ಒಂದೇ ಮಾತಿನಾಗ ಹೇಳ್ರಿ. (ಆಳಂದ ತಾಲ್ಲೂಕು)

ಒಂದೇ ಮಾತಿನಲ್ಲಿ: ಗೊತ್ತಿಲ್ಲ. ಗೊತ್ತು ಅನ್ನುವವನು ಸುಳ್ಳು ಹೇಳುತ್ತಿದ್ದಾನೆ.

ಅಕ್ಟೋಬರ್‌ನಲ್ಲಿ ಕೇಳಿದ್ದರೆ ಬೇರೆ ಮಾತು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಡ ಏರಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಕಡೆಯೇ ಬಂತು. ಅಂಥದ್ದು ನೂರಾರು ಕಿಲೋಮೀಟರ್ ಅಗಲ ಇರುತ್ತದೆ, ಯಾವ ಊರನ್ನೂ ಬಿಟ್ಟು ಹೋಗುವುದಿಲ್ಲ. ಎರಡು ದಿನ ಮೊದಲೇ ಧೈರ್ಯವಾಗಿ ಹೇಳಬಹುದು. ಬ್ಯಾಸಿಗಿ ಮೋಡ ಹಾಗಲ್ಲ. ಎರೆನೆಲ ಕಾದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ ಹೂಕೋಸಿನಂತೆ ಉಬ್ಬುತ್ತದೆ. ಗಂಟೆಯೊಳಗೆ ಸುರಿದು ಸತ್ತೂ ಹೋಗುತ್ತದೆ. ಒಂದೊಂದರ ಅಗಲ ಐದರಿಂದ ಹತ್ತು ಕಿಲೋಮೀಟರ್. ಕಲಬುರಗಿ ಜಿಲ್ಲೆಯೋ ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ನಿಮ್ಮ ಕಣ ಎಷ್ಟು ಗುಂಟೆ?

ಮೊಬೈಲ್‌ನ ಲೆಕ್ಕ ಇನ್ನೂ ತಮಾಷೆಯದು. ಅದು ಇಡೀ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಚೌಕದ ಒಂದು ಬದಿ ಹತ್ತರಿಂದ ಇಪ್ಪತ್ತೈದು ಕಿಲೋಮೀಟರ್. 2025ರ ಮೇ ತಿಂಗಳಲ್ಲಿ ಶುರುವಾದ ನಮ್ಮ ದೇಶದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಆರು ಕಿಲೋಮೀಟರ್. ಆ ಚೌಕದಲ್ಲಿ ಒಂದು ಬ್ಯಾಸಿಗಿ ಮೋಡ ಇಡಿಯಾಗಿ ಮೂಡುವುದೇ ಕಷ್ಟ, ಇನ್ನು ನಿಮ್ಮ ಕಣ ಎಲ್ಲಿಂದ ಬರಬೇಕು? ಆ ‘ನಾಕ್ ಗಂಟೆ’ ಬರೀ ಅಲಂಕಾರ.

ಹಾಗಾದರೆ ನಾವು ಏನು ನೋಡಿ ಹೇಳುತ್ತೇವೆ? ಈ ದಿನಗಳಲ್ಲಿ ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡಿನ ಮೇಲೆ ತಮಿಳುನಾಡಿನ ತನಕ ಗಾಳಿಯ ಒಂದು ಗೆರೆ ಬೀಳುತ್ತದೆ. ಆ ಗೆರೆಯ ಮೂಡಣಕ್ಕೆ ಕೊಲ್ಲಿಯ ಹಸಿಗಾಳಿ, ಪಡುವಣಕ್ಕೆ ಒಣಗಾಳಿ. ಎರಡೂ ಕೂಡುವಲ್ಲಿ ಮೋಡ ಏಳುತ್ತದೆ. ಅದರ ಮೇಲೆ ಬಡಗಣದ ತಣ್ಣನೆಯ ಗಾಳಿ ಎತ್ತರದಲ್ಲಿ ಹಾಯ್ದರೆ ಆಣೆಕಲ್ಲು. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಮರಾಠವಾಡದ ಜೊತೆ ನಮ್ಮ ಕಡೆಗೂ ದಿನಗಟ್ಟಲೆ ಬಿತ್ತಲ್ಲ, ಆಗ ಮೇಲಿನ ಗಾಳಿ ಹೀಗೇ ಇತ್ತು. ಹೈದರಾಬಾದಿನಲ್ಲಿ ನಸುಕಿನಲ್ಲಿ ಹಾರಿಸುವ ಬಲೂನು ಮೇಲಿನ ತಂಪು, ಹಸಿ, ಗಾಳಿಯ ಲೆಕ್ಕ ಕೊಡುತ್ತದೆ. ‘ಇವತ್ತು ಸಾಮಾನು ಕೂಡಿದೆ’ ಅಂತ ಬೆಳಗ್ಗೆ ಹತ್ತಕ್ಕೇ ಹೇಳಬಲ್ಲೆ. ಒಲೆ ಯಾರ ಮನೆಯಲ್ಲಿ ಹತ್ತುತ್ತದೆ ಅಂತ ಹೇಳಲಾರೆ. ಗೆರೆ ಐವತ್ತು ಕಿಲೋಮೀಟರ್ ಮೂಡಣಕ್ಕೆ ಸರಿದರೆ ಹುಮನಾಬಾದಿನ ಮಳೆ ಜಹೀರಾಬಾದಿಗೆ ಹೋಯಿತು.

ರಾಡಾರ್ ಇಲ್ಲವೇ ಅಂತೀರಿ. ಇದೆ, ಹೈದರಾಬಾದಿನಲ್ಲಿ. ಭೂಮಿ ದುಂಡಗಿದೆ, ರಾಡಾರಿನ ಕಿರಣ ನೆಟ್ಟಗೆ ಹೋಗುತ್ತದೆ. ಕಲಬುರಗಿ ಮುಟ್ಟುವ ಹೊತ್ತಿಗೆ ಅದು ನೆಲದಿಂದ ಮೂರು ಕಿಲೋಮೀಟರಿಗೂ ಮೇಲಿರುತ್ತದೆ. ಮೋಡದ ಹೊಟ್ಟೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ನಲವತ್ತು ಡಿಗ್ರಿ ಬಿಸಿಲಲ್ಲಿ ಆ ಹೊಟ್ಟೆಯಿಂದ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುವುದೂ ಉಂಟು.

ಈಗ ‘ಒಂದೆರಡು ಕಡೆ’. ಇದು ನುಣುಚಿಕೊಳ್ಳುವ ಮಾತಲ್ಲ, ಅಳತೆಯ ಮಾತು. ಆ ಪ್ರದೇಶದ ಮಳೆಮಾಪಕಗಳಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಳೆ ಸಿಕ್ಕರೆ ‘ಒಂದೆರಡು ಕಡೆ’, ಐವತ್ತರವರೆಗೆ ‘ಕೆಲವು ಕಡೆ’, ಎಪ್ಪತ್ತೈದರವರೆಗೆ ‘ಹಲವು ಕಡೆ’, ಅದರ ಮೇಲೆ ‘ಬಹುತೇಕ ಕಡೆ’. ಅಂದರೆ ಟಿವಿಯವರು ಹೇಳಿದ್ದು ಇಷ್ಟೇ: ನಾಲ್ಕು ಊರಲ್ಲಿ ಹೆಚ್ಚೆಂದರೆ ಒಂದಕ್ಕೆ. ಉಳಿದ ಮೂರು ಊರಿನವರು ಸಂಜೆ ನನ್ನನ್ನು ಬಯ್ಯುತ್ತಾರೆ.

ಹಾಗಾಗಿ ‘ಬರ್ತದೋ ಇಲ್ಲೋ’ ಬಿಡಿ. ಬಂದರೆ ಏನು ಹೋಗುತ್ತದೆ, ಮುಚ್ಚಿದರೆ ಏನು ಹೋಗುತ್ತದೆ, ಅದನ್ನು ಕೇಳಿ. ತಾಡಪತ್ರಿ ಎಳೆಯುವುದು ಅರ್ಧ ಗಂಟೆಯ ಕೆಲಸ. ನೆನೆದ ಬಿಳಿಜೋಳ ಕಪ್ಪಿಡಿಯುತ್ತದೆ, ಅಡತಿ ಅಂಗಡಿಯವನು ಕಾಳು ಅಂಗೈಯಲ್ಲಿ ಹಾಕಿಕೊಂಡು ನೋಡಿ ಅರ್ಧ ರೇಟು ಹೇಳುತ್ತಾನೆ. ಕೊಯ್ದು ಹಾಕಿದ ಮಾಲಿಗೆ ನಾಲ್ಕರಲ್ಲಿ ಒಂದು ಸಾಧ್ಯತೆಯೇ ಸಾಕು: ಮಧ್ಯಾಹ್ನ ಎರಡರೊಳಗೆ ಮುಚ್ಚಿ. ಅದೇ ನಿಂತ ಬೆಳೆಯಾದರೆ ‘ಒಂದೆರಡು ಕಡೆ’ಗೆ ಹೆದರಿ ಹಸಿಗಾಳು ಕೊಯ್ಯಬೇಡಿ. ನನ್ನದೇ ಕಥೆ ಕೇಳಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೋದರಮಾವ ಇದೇ ಪ್ರಶ್ನೆ ಕೇಳಿದ. ‘ಬರಂಗಿಲ್ಲ ಮಾಮಾ, ಆರಾಮ ಮಲ್ಕೋ’ ಅಂದೆ. ಆರೂವರೆಗೆ ಬಂತು. ಇಪ್ಪತ್ತೇ ನಿಮಿಷ. ಮಾಮ ಒಂದು ಮಾತೂ ಆಡಲಿಲ್ಲ. ಮರುದಿನ ತೆನೆ ಹರವುತ್ತಿದ್ದಾಗ ಒಂದು ಬೊಗಸೆ ಕಾಳು ತಂದು ನನ್ನ ಅಂಗಿ ಜೇಬಿಗೆ ಸುರಿದ, ಅಷ್ಟೇ. ಅಂದಿನಿಂದ ‘ಬರಂಗಿಲ್ಲ’ ಅನ್ನುವ ಶಬ್ದ ನನ್ನ ಬಾಯಲ್ಲಿ ಇಲ್ಲ. ನನ್ನ ಮಾತು ಅತಿ ಎಚ್ಚರಿಕೆಯದು ಅನ್ನಿಸಿದರೆ ಅನ್ನಿಸಲಿ.

ಇನ್ನೊಂದು. ಫಸಲ್ ಬಿಮಾ ಕಟ್ಟಿದ್ದರೆ, ಕೊಯ್ದು ಹೊಲದಲ್ಲೇ ಹರವಿದ ಬೆಳೆ ಹದಿನಾಲ್ಕು ದಿನದೊಳಗೆ ಅಕಾಲಿಕ ಮಳೆಗೋ ಆಣೆಕಲ್ಲಿಗೋ ಕೆಟ್ಟರೆ ಪರಿಹಾರ ಕೇಳಬಹುದು. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಫೋಟೊ ಮೊದಲು ಹೊಡೆಯಿರಿ, ಅಳುವುದು ಆಮೇಲೆ.

ಬೀದರದಾಗ ಹಿಮ ಬಿದ್ದದ ಅಂತ ವಿಡಿಯೊ ಬಂದದ, ಖರೇನ್ರಿ? (ಭಾಲ್ಕಿ)

ಅಲ್ಲ. ಆಣೆಕಲ್ಲು ರಾಶಿ ಬಿದ್ದಿದೆ. ಹಿಮ ಹತ್ತಿಯಂತೆ ಇಳಿಯುತ್ತದೆ, ಅದಕ್ಕೆ ನೆಲದ ತನಕ ಗಾಳಿ ಕೊರೆಯುತ್ತಿರಬೇಕು. ಅಂಗಿ ಬಿಚ್ಚಿ ನಿಂತು ಯಾರೂ ಹಿಮದ ವಿಡಿಯೊ ತೆಗೆಯುವುದಿಲ್ಲ.

‘ಭರಣಿ ಮಳೆ ಸುರಿದರೆ ಧರಣಿ ಬದುಕೀತು’ ಅಂತಾರ. ಪಂಚಾಂಗ ನಂಬಬೇಕೋ ನಿಮ್ಮನ್ನ ನಂಬಬೇಕೋ? (ಚಿಂಚೋಳಿ)

ಗಾದೆ ಚೆಂದ, ಅದು ಹಿರಿಯರ ಅನುಭವ. ಆದರೆ ನಕ್ಷತ್ರದ ತಾರೀಖು ಸುಮಾರು 72 ವರ್ಷಕ್ಕೊಂದು ದಿನ ಋತುವಿನಿಂದ ಮುಂದೆ ಸರಿಯುತ್ತಿದೆ. ಮೋಡಕ್ಕೆ ಆ ಲೆಕ್ಕ ಗೊತ್ತಿಲ್ಲ.

ಮಾವಿನ ತೋಟಕ್ಕ ಆಣಿಕಲ್ಲ ಒಡಿಯೋ ತೋಪು ಬಂದದಂತ. ಏಜೆಂಟ್ ಅಡ್ವಾನ್ಸ್ ಕೇಳ್ಯಾನ. (ಬಸವಕಲ್ಯಾಣ)

ಕೊಡಬೇಡಿ. ಹಿಮಾಚಲದ ಸೇಬಿನವರೂ ಇಂಥ ತೋಪು (ಮೋಡದತ್ತ ಸದ್ದು ಹಾರಿಸುವ ಫಿರಂಗಿ) ಹಾರಿಸಿದ್ದಾರೆ, ಆದರೆ ಅದಕ್ಕೆ ವಿಜ್ಞಾನದ ಆಧಾರ ಇಲ್ಲವೆಂದು ವಿಶ್ವ ಹವಾಮಾನ ಸಂಸ್ಥೆಯೇ ಹೇಳಿದೆ. ನಿಂಬೆಹಣ್ಣಿನ ಗಾತ್ರದ ಕಲ್ಲನ್ನು ಮೋಡದಲ್ಲಿ ಎತ್ತಿ ಹಿಡಿಯುವ ಗಾಳಿಯ ವೇಗ ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸು. ಅದಕ್ಕೆ ನಿಮ್ಮ ಏಜೆಂಟನ ಢಮಾರ್ ಏನು ಮಾಡೀತು? ಸಿಡಿಲೇ ಪಕ್ಕದಲ್ಲಿ ಗುಡುಗುತ್ತಿದ್ದರೂ ಆ ಕಲ್ಲು ಒಡೆಯುವುದಿಲ್ಲ. ದುಡ್ಡಿದ್ದರೆ ಬಲೆ ಹಾಕಿಸಿ.

ಮಳಿನೇ ಇಲ್ಲ, ಬರೇ ಗಾಳಿಗಿ ಪತ್ರಾಸ ಹಾರಿಹೋತ್ರಿ. ಇದ್ಯಾವ ಗಾಳಿ? (ಹುಣಸಗಿ)

ಮೇಲೆ ಹೇಳಿದೆನಲ್ಲ, ಗಾಳಿಯಲ್ಲೇ ಆರಿಹೋಗುವ ಹನಿ. ಆರುವಾಗ ಸುತ್ತಲಿನ ಗಾಳಿ ತಣ್ಣಗಾಗುತ್ತದೆ, ಭಾರವಾಗುತ್ತದೆ, ಧಡ್ಡನೆ ನೆಲಕ್ಕೆ ಬಿದ್ದು ನಾಲ್ಕೂ ಕಡೆ ನುಗ್ಗುತ್ತದೆ. ಬಿಸಿಲಲ್ಲಿ ಕೂತಾಗ ಇದ್ದಕ್ಕಿದ್ದಂತೆ ತಣ್ಣಗೆ ಬೀಸಿ ಧೂಳೆದ್ದರೆ ನಿಮಗೆ ಇರುವುದು ನಿಮಿಷಗಳು. ಆಗ ಪತ್ರಾಸು, ಅಂದರೆ ಮಾಳಿಗೆಯ ತಗಡು, ಹಿಡಿಯಲು ಮೇಲೆ ಹತ್ತಬೇಡಿ.

ನನಗೆ ಸಿಟ್ಟು ಬರುವುದು ಪತ್ರಾಸಿನ ಮೇಲೆ ಶಹಾಬಾದ್ ಪರಸಿ ಕಲ್ಲು ಹೇರಿ ‘ಭದ್ರ ಆಯ್ತು’ ಅನ್ನುವವರ ಮೇಲೆ. ಗಾಳಿ ತಗಡನ್ನು ತಳ್ಳುವುದಿಲ್ಲ, ಅಂಚು ಮೂಲೆ ಹಿಡಿದು ಮೇಲಕ್ಕೆ ಹೀರುತ್ತದೆ. ತಗಡು ಎದ್ದರೆ ಕಲ್ಲು ಒಳಗೆ ಬೀಳುತ್ತದೆ, ಕೆಳಗೆ ತೊಟ್ಟಿಲು ಇರುತ್ತದೆ. ಕಲ್ಲು ಇವತ್ತೇ ಇಳಿಸಿ. ಜೆ ಹುಕ್ಕು, ವಾಷರ್ ತಂದು ಅಂಚಿನ ಸಾಲಿಗೆ ನಡುವಿನದಕ್ಕಿಂತ ಒತ್ತಾಗಿ ಬಿಗಿಸಿ, ಅಡ್ಡಪಟ್ಟಿಯನ್ನು ಗೋಡೆಗೆ ಕಟ್ಟಿಸಿ.